ಮೂರು ಭಾಷೆಗೂ ಒಂದೇ ನರ

ನಮ್ಮ ಕಡೆ ಒಂದು ಮಾತು ಮನೆಯಿಂದ ಹೊರಟು ಬೀದಿ ತಿರುಗುವಷ್ಟರಲ್ಲಿ ಭಾಷೆ ಬದಲಾಯಿಸಿರುತ್ತದೆ. ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನಲ್ಲಿ ಮೈದುನನ ಸಂಸಾರದ ಜೊತೆಗಿರುವ ನನ್ನ ಅತ್ತೆ ಒಳಗೆ ಕನ್ನಡದಲ್ಲಿ ಬೈದು, ಹೊಸ್ತಿಲಲ್ಲಿ ಸೊಪ್ಪಿನವಳ ಜೊತೆ ತೆಲುಗಿನಲ್ಲಿ ಚೌಕಾಸಿ ಮಾಡಿ, ನಲ್ಲಿಯ ಹತ್ತಿರ ತಮಿಳಿನಲ್ಲಿ ಜಗಳ ಗೆದ್ದು ಬರುತ್ತಾರೆ. ನಾನು ಬಂಗಾರಪೇಟೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಮಾತಿನ ತಪ್ಪು ಹುಡುಕುವುದೇ ನನ್ನ ಅನ್ನ. ಆದರೂ ಒಂದು ಪದದ ಕೈಯಲ್ಲಿ ಚೆನ್ನಾಗಿಯೇ ಮೋಸ ಹೋದೆ. ಆ ಪದ ನರ.

ಮೂರು ಭಾಷೆಯಲ್ಲೂ ಅದು ಹೆಚ್ಚುಕಡಿಮೆ ಒಂದೇ. ರಕ್ತ ಹರಿಯುವುದೂ ನರ, ಮಿದುಳಿನಿಂದ ಇಳಿದು ಬರುವುದೂ ನರ, ಸಿಟ್ಟು ಬಂದರೆ ಹಣೆಯಲ್ಲಿ ಉಬ್ಬುವುದೂ ನರ. ಪುಸ್ತಕದಲ್ಲಿ ರಕ್ತನಾಳ ಎಂದಿದೆ, ಇಲ್ಲವೆನ್ನುವುದಿಲ್ಲ. ಆದರೆ "ರೀ, ನನ್ನ ರಕ್ತನಾಳ ಎಳೀತಿದೆ" ಎಂದು ಯಾವ ಹೆಂಗಸು ಗಂಡನಿಗೆ ಹೇಳಿದ್ದಾಳೆ?

ನೋವು ಶುರುವಾದದ್ದು ಎರಡನೆಯ ಹೆರಿಗೆಯ ನಂತರ. ಬೆಳಿಗ್ಗೆ ಎದ್ದಾಗ ಇರುತ್ತಿರಲಿಲ್ಲ. ಮೊದಲ ಪೀರಿಯಡ್ಡಿನಲ್ಲಿ ಹಳಗನ್ನಡದ ಪದ್ಯವನ್ನು ರಾಗವಾಗಿಯೇ ಓದುತ್ತಿದ್ದೆ. ಊಟದ ಬೆಲ್ಲಿನ ಹೊತ್ತಿಗೆ ಕಿಬ್ಬೊಟ್ಟೆಯಲ್ಲಿ ಏನೋ ತುಂಬಿಕೊಳ್ಳುತ್ತ ಬರುತ್ತಿತ್ತು. ಸಂಜೆಗೆ ಅದು ಭಾರವಾಗಿ ಜೋತುಬೀಳುತ್ತಿತ್ತು. ಚುಚ್ಚುವ ನೋವಲ್ಲ, ಹಿಂಡುವ ನೋವಲ್ಲ. ಕೆಳಗೆ ಎಳೆಯುವ ಭಾರ. ಮುಟ್ಟು ಹತ್ತಿರ ಬಂದರೆ ಇನ್ನೂ ಹೆಚ್ಚು. ಗಂಡ ಹತ್ತಿರ ಬಂದು ಹೋದ ಮೇಲೂ ಬಹಳ ಹೊತ್ತು ಉಳಿಯುತ್ತಿತ್ತು. ಇದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ನೋವೇ ವಾಸಿ ಅನ್ನಿಸುತ್ತಿತ್ತು. ಕೂತು ಪಾಠ ಮಾಡೋಣವೆಂದರೆ ನಮ್ಮ ಶಾಲೆಯಲ್ಲಿ ಕೂತ ಟೀಚರು ಅಂದರೆ ಸೋಮಾರಿ ಅಂತಲೇ ಲೆಕ್ಕ. ನಾನು ಕಿಟಕಿಯ ಕಟ್ಟೆಗೆ ಒರಗಿಕೊಂಡು ಸಂಧಿ, ಸಮಾಸ ಬಿಡಿಸುತ್ತಿದ್ದೆ.

ಊರಿನ ಲೇಡಿ ಡಾಕ್ಟರು ಸ್ಕ್ಯಾನಿಂಗಿಗೆ ಕಳಿಸಿದರು. ಹೊಟ್ಟೆ ತುಂಬ ನೀರು ಕುಡಿಸಿ, ಮಲಗಿಸಿ, ತಣ್ಣನೆಯ ಜೆಲ್ ಸವರಿ ನೋಡಿದರು. "ಎಲ್ಲಾ ಚೆನ್ನಾಗಿದೆ" ಅಂದರು ಅಲ್ಲಿಯವರು. ಇಷ್ಟು ಒಳ್ಳೆಯ ಮಾತಿಗೆ ಅಷ್ಟೊಂದು ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಚೆನ್ನಾಗಿಲ್ಲದವಳು ನಾನು ಅಲ್ಲೇ ಮಲಗಿದ್ದೇನೆ, ಚೆನ್ನಾಗಿದೆ ಅನ್ನುವುದು ಯಾರದು? ನನ್ನ ಮುಖ ನೋಡಿ ಅವರಿಗೂ ಪಾಪ ಅನ್ನಿಸಿರಬೇಕು. "ಗರ್ಭಕೋಶದ ಪಕ್ಕ ನರ ಸ್ವಲ್ಪ ದಪ್ಪ ಕಾಣ್ತವೆ ಅಷ್ಟೇ. ಮಕ್ಕಳಾದವರಿಗೆ ಇದ್ದಿದ್ದೇ" ಅಂದರು. ನಾನು ಆ ಮಾತನ್ನೇ ಜೋಪಾನವಾಗಿ ಮನೆಗೆ ಹೊತ್ತು ತಂದೆ.

ನನ್ನ ಗಂಡನದು ಪಂಪ್ ಮೋಟಾರು ರಿಪೇರಿ ಅಂಗಡಿ. ಸುಟ್ಟುಹೋದ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವರ ಕಸುಬು. "ನರ ಅಂದ್ರೆ ವೈರಿಂಗೇ ತಾನೆ? ನರದ ಡಾಕ್ಟ್ರತ್ರ ಓಗೋಣ ನಡಿ" ಅಂದರು. ಪಕ್ಕದ ಮನೆಯ ತಮಿಳು ಅಜ್ಜಿ ಕೇಳಿ "ಅಯ್ಯೋ, ನರಂಬು ತಳರ್ಚಿ" ಎಂದು ಲೊಚಗುಟ್ಟಿತು. ಕಾಮಸಮುದ್ರದಿಂದ ಬಂದಿದ್ದ ನನ್ನ ಸೋದರತ್ತೆ "ನರಾಲ ಬಲಹೀನತ" ಎಂದು ತೆಲುಗಿನಲ್ಲಿ ಅದನ್ನೇ ಅಂದರು. ನಮ್ಮ ರೈಲ್ವೆ ಸ್ಟೇಷನ್ನಿನ ಆಚೆಯ ಗೋಡೆಯ ಮೇಲೆ ಮೂರೂ ಭಾಷೆಯಲ್ಲಿ ನರದೌರ್ಬಲ್ಯಕ್ಕೆ ಔಷಧಿ ಕೊಡುವವರ ಜಾಹೀರಾತು ಇದೆ. ಅದು ಗಂಡಸರ ಗುಟ್ಟಿನ ಕಾಯಿಲೆಯ ಮಾತೆಂದು ಊರಿಗೆಲ್ಲ ಗೊತ್ತು. ಹೆಂಡತಿಗೆ ನರದೌರ್ಬಲ್ಯ ಎಂಬ ಸುದ್ದಿ ಅಂಗಡಿಯ ಹತ್ತಿರ ಓಡಾಡತೊಡಗಿದಾಗ ನನ್ನ ಗಂಡನ ಮುಖ ನೋಡಬೇಕಿತ್ತು. ನೋವಿನ ನಡುವೆಯೂ ನಾನು ನಕ್ಕಿದ್ದೇನೆ.

ಕೋಲಾರದಲ್ಲಿ ನರದ ಡಾಕ್ಟರು ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿ ನೋಡಿ, ನಿದ್ದೆ ಬರುತ್ತಾ, ಮನೆಯಲ್ಲಿ ಯೋಚನೆ ಜಾಸ್ತಿಯಾ ಎಂದು ಕೇಳಿದರು. ಕೇಳಿದ್ದಕ್ಕೆ ನನಗೆ ಅಳು ಬಂತು. ಅಳು ಬಂದದ್ದೇ ತಡ, ಯೋಚನೆ ಜಾಸ್ತಿ ಎಂಬುದು ಖಾತ್ರಿಯಾಯಿತು. ಕೊಟ್ಟ ಮಾತ್ರೆ ನುಂಗಿ ಸ್ಟಾಫ್ ರೂಮಿನ ಮೇಜಿನ ಮೇಲೆ ತಲೆಯಿಟ್ಟು ತೂಕಡಿಸಿದೆ. ನೋವು ಹೋಗಲಿಲ್ಲ. ಆದರೆ ಅದು ಯಾರದೋ ನೋವು ಎಂಬ ಹಾಗಾಯಿತು.

ಕೊನೆಗೆ ಒಂದು ನರ್ಸಿಂಗ್ ಹೋಮಿನಲ್ಲಿ, "ಎರಡು ಮಕ್ಕಳಾಗಿದಾವಲ್ಲ, ಗರ್ಭಕೋಶ ತೆಗೆದುಬಿಡೋಣ, ತಲೆನೋವೇ ಇರಲ್ಲ" ಅಂದರು. ತಲೆನೋವಿಗಲ್ಲ ನಾನು ಹೋಗಿದ್ದು. ಆದರೂ ಹೂಂ ಅಂದೆ. ನಮ್ಮ ಹಳ್ಳಿಗಳಲ್ಲಿ ಕೋಶ ತೆಗೆಸಿದ್ದೇನೆ ಅನ್ನುವುದು ಹಲ್ಲು ಕೀಳಿಸಿದ್ದೇನೆ ಅಂದಷ್ಟೇ ಹಗುರ. ಅಕ್ಕಂದಿರು, ಓರಗಿತ್ತಿಯರು, ಜೊತೆಯ ಟೀಚರುಗಳು, ಯಾರನ್ನು ಕೇಳಿದರೂ ಅವರಲ್ಲೊಬ್ಬರಿಗೆ ಆಗಿರುತ್ತದೆ. ಬೇಸಿಗೆ ರಜೆಗೆಂದು ದಿನ ಗೊತ್ತಾಯಿತು. ಎಲ್ಲರೂ ಧೈರ್ಯ ಹೇಳಿದರು. ನನಗೆ ಬೇಕಾಗಿದ್ದದ್ದು ಧೈರ್ಯವಲ್ಲ, ಒಂದೇ ಒಂದು ಉತ್ತರ. ಅದನ್ನು ತೆಗೆದರೆ ಈ ಭಾರ ಇಳಿಯುತ್ತದೆಯೇ? ಹೋದದ್ದು ವಾಪಸ್ ಬರುವುದಿಲ್ಲ, ಆಮೇಲೂ ನೋವು ಉಳಿದರೆ ಯಾರ ಹತ್ತಿರ ಹೋಗಿ ಕೇಳಲಿ? ನಿಜ ಹೇಳಬೇಕೆಂದರೆ ನನಗೆ ತುಂಬಾ ಹೆದರಿಕೆಯಾಗಿತ್ತು.

ಆಪರೇಷನ್ನಿಗೆ ಮುಂಚೆ ಅತ್ತೆಗೊಂದು ಮಾತು ಹೇಳಿಬರೋಣವೆಂದು ಚಾಂಪಿಯನ್ ರೀಫ್ಸಿಗೆ ಹೋದೆ. ಮಾವ ಗಣಿಯಲ್ಲಿದ್ದಾಗ ಸಿಕ್ಕಿದ ಸಾಲುಮನೆ ಅದು. ಗಣಿ ಮುಚ್ಚಿತು, ಆಮೇಲೆ ಮಾವನೂ ಹೋದರು, ಮನೆ ಮಾತ್ರ ತಗಡಿನ ಮಾಡಿನ ಕೆಳಗೆ ಹಾಗೇ ಇದೆ. ಒಳಕೋಣೆಯ ಗೋಡೆಯ ಮೇಲೆ, ಸೊಂಟದೆತ್ತರಕ್ಕೆ, ಅಕ್ಕಪಕ್ಕ ಎರಡು ಕಪ್ಪು ಕಲೆಗಳಿವೆ. ನಾನು ಮದುವೆಯಾಗಿ ಬಂದಾಗಲೂ ಇದ್ದವು. ಹಬ್ಬಕ್ಕೆ ಸುಣ್ಣ ಹೊಡೆದರೆ ಮಾಯವಾಗಿ ಮತ್ತೆ ಮೂಡುತ್ತಿದ್ದವು. ಅದೇನೆಂದು ಒಮ್ಮೆ ಗಂಡನನ್ನು ಕೇಳಿದ್ದೆ. "ನಮ್ಮಮ್ಮನ ಕಾಲು. ಕೆಲ್ಸ ತಪ್ಪಿಸ್ಕೊಳ್ಳಾಕೆ ಗೋಡೆಗೆ ಕಾಲು ಕೊಟ್ಟು ಮಲಗೋದು. ನಮ್ಮಪ್ಪ 'ನಿಮ್ಮಮ್ಮನ ನೆಪ' ಅಂತಿದ್ದ" ಎಂದು ನಕ್ಕಿದ್ದರು. ಸಾಲಿನವರು ಅತ್ತೆಗೆ ಗೋಡೆಕಾಲಮ್ಮ ಎಂದೇ ಹೆಸರಿಟ್ಟಿದ್ದರಂತೆ.

ಅವತ್ತು ಅತ್ತೆ ಈಳಿಗೆಮಣೆಯ ಮೇಲೆ ಕೂತು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದರು. ನಾನು ವಿಷಯ ಹೇಳಿದೆ. ಅವರು ತಲೆ ಎತ್ತದೆ ಕೇಳಿದರು.

"ಯಾವಾಗ್ ಕೊಯ್ತಾರಂತೆ?"

"ಮುಂದಿನ ವಾರ, ಅತ್ತೆ."

"ಬ್ಯಾಡ."

ನಾನು ಏನೋ ಸಮಾಧಾನ ಹೇಳಲು ಹೋದೆ. ಅವರು ಈಳಿಗೆ ಮಡಚಿ ಪಕ್ಕಕ್ಕಿಟ್ಟರು. "ನಂದೂ ತೆಗ್ದೌರೆ ಕಣಮ್ಮಾ. ನಿನ್ ಗಂಡ ಸಣ್ಣೋನು ಆವಾಗ. ಕೋಶ ಓಯ್ತು. ನೋವು ಓಗ್ಲಿಲ್ಲ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮಾತು ಈ ಮನೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ. "ಆಮೇಲೆ ಯಾರಿಗೂ ಹೇಳಲಿಲ್ಲವಾ?" ಎಂದೆ.

"ಯಾರ್ಗ್ ಯೋಳ್ಲಿ? ಇದ್ದಾಗ್ಲೇ ನೆಪ ಅಂತಿದ್ರು. ಇಲ್ದೇ ಇರೋದು ನೋಯ್ತದೆ ಅಂದ್ರೆ ದಯ್ಯ ಇಡ್ದದೆ ಅನ್ನೋರು. ನಲ್ಲಿತಾವ ನೀರ್ಗೆ ನಿಂತು ನಿಂತು, ಸಾಯಂಕಾಲ ಆಯ್ತು ಅಂದ್ರೆ ಒಟ್ಟೆ ಒಳಗೆ ತುಂಬಿದ್ ಬಿಂದಿಗೆ ಕಟ್ಟ್ದಂಗೆ ಆಗೋದು. ಒತ್ತಾರೆ ಏನೂ ಇರ್ತಿರ್ಲಿಲ್ಲ. ಕಾಲ್ ಮ್ಯಾಕಿಟ್ರೆ ಇಳಿಯೋದು, ಅದ್ಕೇ ಮಲಗ್ತಿದ್ದೆ. ಕೂದ್ಲು ಬೆಳ್ಳಗಾಗಿ ಎಷ್ಟೋ ದಿನದ್ಮೇಲೆ ಅದರ್ ಪಾಡಿಗೆ ಅದು ಓಯ್ತು."

ನನ್ನ ನೋವನ್ನೇ ಅವರು ಹೇಳುತ್ತಿದ್ದರು. ನನ್ನ ಬಾಯಿಯಿಂದ ಯಾವ ಡಾಕ್ಟರ ಮುಂದೆಯೂ ಇಷ್ಟು ಸಲೀಸಾಗಿ ಅದು ಬಂದಿರಲಿಲ್ಲ. "ಬಾ ಇಲ್ಲಿ" ಎಂದು ಅತ್ತೆ ಒಳಕೋಣೆಗೆ ಕರೆದುಕೊಂಡು ಹೋಗಿ, ನೆಲದ ಮೇಲೆ ಮಲಗಿ, ಕಾಲೆತ್ತಿ ಆ ಎರಡು ಕಲೆಗಳ ಮೇಲೆ ಇಟ್ಟರು. ನಾನೂ ಸೀರೆ ಒಟ್ಟು ಮಾಡಿಕೊಂಡು ಪಕ್ಕದಲ್ಲಿ ಮಲಗಿ ಕಾಲೆತ್ತಿದೆ. ಸ್ವಲ್ಪ ಹೊತ್ತಿಗೆ ಭಾರ ಮೆಲ್ಲಗೆ ಇಳಿಯಿತು. ನನಗೆ ಅಳು ಬಂತು, ಈ ಸಲ ತಡೆಯಲಿಲ್ಲ. ಓರಗಿತ್ತಿ ಕಾಫಿ ತಂದವಳು ಬಾಗಿಲಲ್ಲೇ ನಿಂತು, "ಏನಕ್ಕಾ, ಅತ್ತೆ ಸೊಸೆ ಇಬ್ರೂ ಗೋಡೆ ಬೀಳ್ದಂಗೆ ಆನ್ಸ್ಕೊಂಡಿದೀರಾ?" ಅಂದಳು. ಅತ್ತೆ ಮಲಗಿದ್ದಲ್ಲೇ ಹೊಟ್ಟೆ ಕುಲುಕುವಂತೆ ನಕ್ಕರು.

ಮಾರನೆಯ ದಿನ ಮತ್ತೆ ಲೇಡಿ ಡಾಕ್ಟರ ಹತ್ತಿರ ಹೋದೆ. ಈ ಸಲ ನರ ಎಂಬ ಪದವನ್ನೇ ಎತ್ತಲಿಲ್ಲ. ನಿಂತರೆ ತುಂಬುತ್ತದೆ, ಮಲಗಿದರೆ ಖಾಲಿಯಾಗುತ್ತದೆ, ಅತ್ತೆಗೆ ಕೋಶ ತೆಗೆದರೂ ಹೋಗಲಿಲ್ಲ ಎಂದೆ. ಗಂಡ ಹತ್ತಿರ ಬಂದಾಗಿನ ನೋವನ್ನೂ ಹೇಳಿಬಿಟ್ಟೆ. ಅವರು ಬರೆಯುವುದನ್ನು ನಿಲ್ಲಿಸಿ, ತೊಡೆಯ ಹಿಂದೆ ಏನಾದರೂ ಉಬ್ಬಿದೆಯೇ ಎಂದು ಕೇಳಿದರು. ಉಬ್ಬಿತ್ತು. ನೀಲಿಯಾಗಿ, ಸೊಟ್ಟಸೊಟ್ಟಗೆ. ವಯಸ್ಸಾಯಿತೆಂದು ಬಿಟ್ಟಿದ್ದೆ. "ಕಾಲಲ್ಲಿ ಹೀಗೆ ಉಬ್ಬೋದು ಒಳಗೂ ಉಬ್ಬಿರಬಹುದು. ನನಗೆ ಮೊದಲೇ ಹೊಳೀಬೇಕಿತ್ತು" ಎಂದರು. ದೊಡ್ಡವರು ಹಾಗೆ ಅನ್ನುವುದು ಅಪರೂಪ, ಅದಕ್ಕೇ ನನಗೆ ಅವರ ಮೇಲೆ ಸಿಟ್ಟು ಉಳಿಯಲಿಲ್ಲ. ರಕ್ತನಾಳದ ಡಾಕ್ಟರಿಗೆ ತೋರಿಸಲು ಬೆಂಗಳೂರಿಗೆ ಕಳಿಸಿದರು. ಆಪರೇಷನ್ನಿನ ದಿನ ಮುಂದಕ್ಕೆ ಹೋಯಿತು.

ಬೆಂಗಳೂರಿನ ರೈಲಿನಲ್ಲಿ ನಾನೂ ಗಂಡನೂ ನಿಂತೇ ಹೋದೆವು, ಕೂರಲು ಜಾಗ ಎಲ್ಲಿಯದು? ಒಳ್ಳೆಯದೇ ಆಯಿತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ತೋರಿಸಬೇಕಾದ್ದೆಲ್ಲ ಭರ್ತಿಯಾಗಿತ್ತು. ಅಲ್ಲಿ ನನ್ನನ್ನು ನಿಲ್ಲಿಸಿ ಸ್ಕ್ಯಾನ್ ಮಾಡಿದರು. ಡಾಕ್ಟರು ತೆರೆಯ ಮೇಲೆ ತೋರಿಸುತ್ತ ಹೇಳಿದರು: ಗರ್ಭಕೋಶದ ಸುತ್ತಲಿನ ರಕ್ತನಾಳಗಳಲ್ಲಿ ಸಣ್ಣ ಸಣ್ಣ ಬಾಗಿಲುಗಳಿರುತ್ತವೆ. ಬಸಿರಿನಲ್ಲಿ ನಾಳಗಳು ಹಿಗ್ಗಿ ಕೆಲವರಿಗೆ ಆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಮೇಲೆ ಹೋಗಬೇಕಾದ ರಕ್ತ ಹಿಂದಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಮಲಗಿಸಿ ನೋಡಿದರೆ ಅದು ಅಷ್ಟಾಗಿ ಕಾಣದೆ ಹೋಗಬಹುದು.

ನನ್ನ ಗಂಡ ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಬಾವಿಲಿ ಫುಟ್‌ವಾಲ್ವ್ ಓದಂಗೆ ಅನ್ನಿ ಸಾರ್. ಎತ್ತಿದ್ ನೀರೆಲ್ಲಾ ವಾಪಸ್ ಕೆಳಿಕೆ."

"ಅದೇ" ಎಂದರು ಡಾಕ್ಟರು.

"ಅಂಗಾದ್ರೆ ಇದು ವೈರಿಂಗಲ್ಲ, ಪೈಪು!" ಎಂದು ನನ್ನ ಕಡೆ ತಿರುಗಿದರು. ನರ ಎಂಬ ಒಂದು ಪದದಿಂದ ನನ್ನನ್ನು ಕೋಲಾರಕ್ಕೆ ಎಳೆದೊಯ್ದ ಮಹಾನುಭಾವರು. ಕೋಪವೂ ಬಂತು, ನಗುವೂ ಬಂತು. ನಗುವೇ ಗೆದ್ದಿತು.

ಕೋಶ ತೆಗೆಯಬೇಕಾಗಿರಲಿಲ್ಲ. ಕುತ್ತಿಗೆಯ ಹತ್ತಿರ ಸಣ್ಣ ತೂತು ಮಾಡಿ, ತೆಳ್ಳನೆಯ ನಳಿಕೆ ಇಳಿಸಿ, ಕೆಟ್ಟ ನಾಳವನ್ನು ಒಳಗಿನಿಂದಲೇ ಮುಚ್ಚಿದರು. ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದೂ ಮೊದಲೇ ಹೇಳಿದ್ದರು. ಪೂರ್ತಿ ಹೋಗಿಲ್ಲ. ಮುಟ್ಟಿನ ಮುಂಚೆ ಸ್ವಲ್ಪ ಎಳೆಯುತ್ತದೆ. ಆದರೆ ಕೊನೆಯ ಪೀರಿಯಡ್ಡಿನಲ್ಲೂ ಈಗ ಕಿಟಕಿಗೆ ಒರಗುವುದಿಲ್ಲ. ತರಗತಿಗೊಂದು ಕುರ್ಚಿಯನ್ನೂ ಹಾಕಿಸಿಕೊಂಡಿದ್ದೇನೆ, ಸೋಮಾರಿ ಅನ್ನುವವರು ಅನ್ನಲಿ.

ಮತ್ತೊಮ್ಮೆ ತೋರಿಸಿಕೊಂಡು ಬರಲು ಹೊರಟಾಗ ಅತ್ತೆ, "ನಾನೂ ಬತ್ತೀನಿ" ಅಂದರು. ಬೆಂಗಳೂರು ನೋಡುವ ಆಸೆಯಿರಬೇಕೆಂದುಕೊಂಡೆವು. ಗಂಡ ಹೊರಗೆ ಬೆಂಚಿನ ಮೇಲೆ ಕೂತರು, ನಾವಿಬ್ಬರು ಒಳಗೆ ಹೋದೆವು. ನನ್ನದು ಮುಗಿದ ಮೇಲೂ ಅತ್ತೆ ಏಳಲಿಲ್ಲ.

"ಸಾಮಿ, ನಂಗೂ ಇಂಗೇ ಇತ್ತು. ಕೋಶ ತೆಗ್ದ ಮ್ಯಾಲೂ ಇತ್ತು. ಈಗಿಲ್ಲ. ಅದು ನಿಜ್ವಾಗ್ಲೂ ಇತ್ತಾ, ನನ್ ನೆಪಾನಾ?"

ಡಾಕ್ಟರು ಪೆನ್ನು ಕೆಳಗಿಟ್ಟು ಎಲ್ಲವನ್ನೂ ಕೇಳಿದರು, ನಲ್ಲಿ, ಬಿಂದಿಗೆ, ಗೋಡೆ ಎಲ್ಲವನ್ನೂ. "ಈಗ ಪರೀಕ್ಷೆ ಮಾಡಿ ಹೇಳೋಕೆ ಆಗಲ್ಲ ಅಮ್ಮ, ವಯಸ್ಸಾದ ಮೇಲೆ ಅದು ಇಳಿದುಹೋಗುತ್ತೆ. ಆದರೆ ನೀವು ಹೇಳಿದ್ದೆಲ್ಲ ಇದಕ್ಕೇ ಹೊಂದುತ್ತೆ. ನೆಪ ಅಲ್ಲ. ನೋವು ನಿಜವಾಗಿಯೂ ಇತ್ತು" ಎಂದರು.

ಅತ್ತೆ ಕೈಮುಗಿದು, "ನನ್ ಮಗ ಆಚೆ ಕೂತವ್ನೆ. ಅವ್ನ ಮುಂದೆ ಇನ್ನೊಂದ್ ಸಲ ಯೋಳಿ" ಅಂದರು.

ನಾನೇ ಎದ್ದು ಹೋಗಿ ಗಂಡನನ್ನು ಕರೆತಂದೆ. ಡಾಕ್ಟರು ಒಂದು ಅಕ್ಷರ ಬಿಡದೆ ಮತ್ತೆ ಹೇಳಿದರು. ಫುಟ್‌ವಾಲ್ವಿನ ಲೆಕ್ಕ ಅಷ್ಟು ಬೇಗ ಹಾಕಿದ್ದ ಮನುಷ್ಯ ಈಗ ಬಾಗಿಲ ಹತ್ತಿರ ತಲೆ ತಗ್ಗಿಸಿಕೊಂಡು ನಿಂತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ಮಗನ ಮುಂದೆ ಹೋಗಿ ನಿಂತರು.

"ನಿಮ್ಮಪ್ಪ ಇರ್ಬೇಕಿತ್ತು ಕಣ್ಲಾ" ಅಂದರು.