ಸೇವಾ ಪುಸ್ತಕದಲ್ಲಿ ಹೆಂಡತಿಯ ಎರಡು ಹೆಸರು

ರಾಯಬಾಗ ಕಡೆಯ ಒಂದು ಸರ್ಕಾರಿ ರಸ್ತೆ ಕಚೇರಿಯಲ್ಲಿ ನಾನು ಬಹಳ ವರ್ಷ ಗುಮಾಸ್ತೆಯಾಗಿದ್ದೆ. ಸಿಬ್ಬಂದಿಯ ಸಂಬಳ, ರಜೆ, ಭತ್ಯೆ, ಪಿಂಚಣಿ ಎಲ್ಲ ನನ್ನ ಮೇಜಿನ ಕೆಲಸ. ಆ ಕಚೇರಿ ಬಿಟ್ಟ ಮೇಲೂ ಅಲ್ಲಿ ನನ್ನದೊಂದು ಪದ್ಧತಿ ಉಳಿದುಕೊಂಡಿದೆ. ನೌಕರನ ಸೇವಾ ಪುಸ್ತಕದಲ್ಲಿ ಹೆಂಡತಿಯ ಹೆಸರು ಬರೆಯುವ ಜಾಗದಲ್ಲಿ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡನ್ನೂ ಬರೆದು ನಡುವೆ ‘ಉರ್ಫ್’ ಎಂದು ಹಾಕುತ್ತಾರೆ. ಯಾವ ಸುತ್ತೋಲೆಯೂ ಹಾಗೆ ಬರೆಯಿರಿ ಎಂದು ಹೇಳಿಲ್ಲ. ನಾನು ಹಟ ಹಿಡಿದು ಮಾಡಿಸಿದ್ದು. ಇದನ್ನು ಹೇಳಿಕೊಳ್ಳಲು ನನಗೆ ಒಂದಿಷ್ಟೂ ಸಂಕೋಚವಿಲ್ಲ.

ನಮ್ಮ ಕಡೆಯವರಿಗೆ ಗೊತ್ತಿರುವ ಮಾತೇ, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚಿಕ್ಕೋಡಿ, ನಿಪ್ಪಾಣಿಯಿಂದ ಹಿಡಿದು ಅಥಣಿ, ಕಾಗವಾಡದವರೆಗೆ ಎಷ್ಟೋ ಮನೆಗಳಲ್ಲಿ ಮದುವೆಯಾದ ದಿನ ಸೊಸೆಗೆ ಹೊಸ ಹೆಸರು ಇಡುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ ಮದುಮಗ ಉಂಗುರದಿಂದ ಆ ಹೆಸರು ಬರೆಯುತ್ತಾನೆ. ಅಲ್ಲಿಗೆ ಹುಡುಗಿಯ ಹಳೆಯ ಹೆಸರು ತವರಿನ ಹೊಸ್ತಿಲ ಆಚೆಗೇ ಉಳಿಯಿತು. ನನಗೂ ಹಾಗೆಯೇ ಆಯಿತು. ನಿಪ್ಪಾಣಿಯಲ್ಲಿ ಒಂದು ಹೆಸರಿನಿಂದ ಬೆಳೆದು ಹಾರೂಗೇರಿಗೆ ಇನ್ನೊಂದು ಹೆಸರಿನವಳಾಗಿ ಬಂದೆ.

ಆ ಎರಡನೆಯ ಹೆಸರು ನನ್ನ ನೌಕರಿಯನ್ನೇ ನುಂಗುತ್ತಿತ್ತು. ನೇಮಕಾತಿಯ ಆದೇಶ ಶಾಲೆಯ ಹೆಸರಿನಲ್ಲಿ, ಅಂದರೆ ತವರಿನ ಹೆಸರಿನಲ್ಲಿ ಅಂಚೆಯಲ್ಲಿ ಬಂತು. ಬಾಗಿಲಲ್ಲಿ ಕೂತಿದ್ದ ನಮ್ಮ ಮಾವನವರು ಟಪಾಲಿನವನಿಗೆ, “ಆ ಹೆಸರಿನಾಕಿ ನಮ್ಮ ಮನ್ಯಾಗ ಯಾರೂ ಇಲ್ಲ, ಮುಂದಿನ ಓಣ್ಯಾಗ ಕೇಳ ಹೋಗು” ಎಂದು ಕಳಿಸಿಬಿಟ್ಟರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಕಿವಿಗೆ ಆ ಮಾತು ಬಿತ್ತು. ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿ ಅವನ ಸೈಕಲ್ ಹಿಡಿದು ನಿಲ್ಲಿಸಿದೆ. ಮಾವನವರು ಸುಳ್ಳು ಹೇಳಿರಲಿಲ್ಲ. ಸೊಸೆಗೆ ಹಿಂದೆ ಇನ್ನೊಂದು ಹೆಸರಿತ್ತು ಎಂಬುದೇ ಅವರಿಗೆ ಮರೆತುಹೋಗಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ಕಚೇರಿಯ ರಸ್ತೆ ಗ್ಯಾಂಗಿನಲ್ಲಿದ್ದ ಒಬ್ಬ ನೌಕರ ಕೆಲಸದಲ್ಲಿರುವಾಗಲೇ ಎದೆನೋವು ಬಂದು ತೀರಿಕೊಂಡ. ಅಲಖನೂರಿನವನು. ದಿನಗೂಲಿಯಿಂದ ಶುರುಮಾಡಿ ಕಾಯಂ ಆದವನು, ಬಿಸಿಲಲ್ಲಿ ತಗ್ಗು ಮುಚ್ಚಿ ಮುಚ್ಚಿ ಬೆನ್ನು ಬಾಗಿದವನು. ಹೆಂಡತಿ ಚಿಂಚಲಿಯ ಮಗಳು, ನನಗಿಂತ ಸ್ವಲ್ಪ ಚಿಕ್ಕವಳು. ಕಬ್ಬಿನ ಗದ್ದೆಗೆ ಕೂಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ವಯಸ್ಸಾದ ಅತ್ತೆ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಕುಟುಂಬ ಪಿಂಚಣಿ ಬಂದರೆ ಆ ಮನೆ ನಿಲ್ಲುತ್ತದೆ, ಇಲ್ಲದಿದ್ದರೆ ಹುಡುಗಿಯರು ಶಾಲೆ ಬಿಟ್ಟು ತಾಯಿಯ ಹಿಂದೆ ಗದ್ದೆಗೆ ಹೋಗಬೇಕು. ಇದು ನನಗೆ ಮೊದಲ ದಿನವೇ ಸ್ಪಷ್ಟವಾಗಿತ್ತು.

ಕಾಗದ ತಯಾರಿಸಿ ಕಳಿಸಿದೆ. ಮೇಲಿನ ಕಚೇರಿಯಿಂದ ಆಕ್ಷೇಪಣೆ ಹಚ್ಚಿಕೊಂಡು ಮರಳಿ ಬಂತು. ಸೇವಾ ಪುಸ್ತಕದಲ್ಲಿ ಹೆಂಡತಿಯ ಹೆಸರು ಒಂದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಮೃತನಿಗೆ ಇಬ್ಬರು ಹೆಂಡಿರಿದ್ದರೇ, ಅರ್ಜಿ ಹಾಕಿದವಳು ಮೊದಲನೆಯವಳೋ ಎರಡನೆಯವಳೋ, ವಿವರಿಸಿ ಎಂದಿತ್ತು. ಅವರನ್ನು ಬೈದು ಪ್ರಯೋಜನವಿಲ್ಲ, ಅಷ್ಟು ದೂರ ಕೂತವರಿಗೆ ನಮ್ಮ ತಾಟಿನ ಅಕ್ಕಿ ಹೇಗೆ ಕಂಡೀತು? ಗಂಡ ತನ್ನ ಮನೆಯಲ್ಲಿ ಇಟ್ಟ ಹೆಸರನ್ನೇ ಸೇವಾ ಪುಸ್ತಕಕ್ಕೆ ಬರೆಸಿದ್ದ. ಇವಳು ಮತದಾರರ ಚೀಟಿ ಮಾಡಿಸುವಾಗ ವಯಸ್ಸಿನ ದಾಖಲೆಗೆಂದು ಚಿಂಚಲಿಯ ಶಾಲೆಯ ಕಾಗದ ಕೊಟ್ಟಿದ್ದಳು. ಚೀಟಿಯ ಹೆಸರೇ ಬ್ಯಾಂಕಿಗೆ ಹೋಯಿತು.

ಆ ಆಕ್ಷೇಪಣೆಯನ್ನು ಅವಳಿಗೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕೇಳಿದವಳ ಮುಖ ಕೆಂಪಗಾಯಿತು.

“ಎಲ್ಲಿದ್ದಾಳ್ರಿ ಅಕ್ಕಾರ ನನ್ನ ಸವತಿ? ಕರಸ್ರಿ, ನಾನೂ ಒಮ್ಮಿ ನೋಡ್ತೀನಿ. ಇಷ್ಟ ವರ್ಷ ಅಕಿ ಪಾಲಿನ ಭಾಂಡೆ, ಸೆಗಣಿ, ಕಸಾ ಎಲ್ಲಾ ನಾನೊಬ್ಬಾಕಿನ ಮಾಡೀನಲ್ರಿ!”

ಇಡೀ ಕಚೇರಿ ನಕ್ಕಿತು. ಆದರೆ ನಗು ಮುಗಿಯುವಷ್ಟರಲ್ಲಿ ಅವಳು ಸೆರಗು ಬಾಯಿಗೆ ಒತ್ತಿ ಅಳುತ್ತಿದ್ದಳು. “ರೊಕ್ಕ ಬರ್ಲಿ, ಬಿಡ್ಲಿ. ಎರಡನೇದಾಕಿ ಅನಿಸ್ಕೊಂಡು ಊರಾಗ ಹ್ಯಾಂಗ ತಿರಗ್ಯಾಡ್ಲಿ?” ಎಂದಳು. ಆಗ ನನಗೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. “ನೀ ಅಳಬ್ಯಾಡ ತಂಗಿ, ಇದನ್ನ ನನಗ ಬಿಡು” ಎಂದೆ. ಹೇಳಿದ ಮೇಲೆ ಮಾಡಲೇಬೇಕಲ್ಲ.

ಎರಡು ಹೆಸರಿನವಳು ಒಬ್ಬಳೇ ಎಂದು ಊರಲ್ಲೇ ಪಂಚನಾಮೆ ಆಗಬೇಕು, ತವರಿನವರೂ ಗಂಡನ ಮನೆಯವರೂ ಸಹಿ ಹಾಕಬೇಕು. ನಮ್ಮ ಸಾಹೇಬರಿಂದ ಪತ್ರ ಬರೆಸಿ, ಗ್ರಾಮ ಲೆಕ್ಕಿಗರಾದ ತಲಾಟಿಯವರ ಬೆನ್ನು ಬಿದ್ದು ದಿನ ಗೊತ್ತುಮಾಡಿಸಿದೆ. ಗುಮಾಸ್ತೆಯಾದವಳು ಅಲ್ಲಿಗೆ ಹೋಗಬೇಕೆಂದೇನೂ ಇರಲಿಲ್ಲ. ನಾನು ರಜೆ ಹಾಕಿ ಅಲಖನೂರಿನ ಬಸ್ಸು ಹತ್ತಿದೆ.

ಅಂಗಳದಲ್ಲಿ ಚಾಪೆ ಹಾಸಿದ್ದರು. ಅಕ್ಕಪಕ್ಕದವರು ಬಂದು ಕೂತಿದ್ದರು. ತಲಾಟಿಯವರು ಮೊದಲು ಗಂಡನ ಹೆಸರು ಹೇಳು ಎಂದರೆ ಇವಳು ಬಾಯಿ ಬಿಡಲೊಲ್ಲಳು. ಕೊನೆಗೆ, “ಹೆಸರ ಹಿಡದ ಹ್ಯಾಂಗ ಹೇಳ್ಲಿರಿ, ಒಡಪಿನಾಗ ಹೇಳ್ಲೇನು?” ಎಂದು ಕೇಳಿದಳು. ಮದುವೆಯಲ್ಲಿ ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವ ಒಡಪನ್ನು ಸರ್ಕಾರಿ ಪಂಚನಾಮೆಯಲ್ಲಿ ಬರೆಯುವುದು ಹೇಗೆ? ಪಕ್ಕದ ಮನೆಯ ಮುದುಕಿಯಿಂದ ಆ ಹೆಸರು ಹೇಳಿಸಿ ಮುಂದೆ ಹೋದೆವು.

ನಿಜವಾದ ಫಜೀತಿ ಆಮೇಲೆ. ಚಿಂಚಲಿಯಿಂದ ಬಂದಿದ್ದ ಅವಳ ಅಣ್ಣನನ್ನು ತಲಾಟಿಯವರು, “ಇವರ ಹೆಸರೇನ್ರಿ?” ಎಂದು ಕೇಳಿದರು. ಅವನು ತವರಿನ ಹೆಸರು ಹೇಳಿದ. ಬಾಗಿಲಲ್ಲಿ ಕೂತಿದ್ದ ಅತ್ತೆ ಸುಮ್ಮನಿರಲಿಲ್ಲ.

“ಯಾರ ಹೆಸರಪಾ ಅದು? ನಮ್ಮ ಸ್ವಸಿ ಹೆಸರ ಅದಲ್ಲ. ಹೆಸರ ಇಟ್ಟಾಕಿ ನಾನು, ನನಗ ಗೊತ್ತಿಲ್ಲೇನು?”

“ನೀವ್ ಇಡೂಕಿಂತ ಮೊದ್ಲ ನಮ್ಮವ್ವ ಇಟ್ಟಿದ್ಲ್ರಿ, ಅತ್ಯಾರ. ನಿಮ್ಮದು ಬಂದದ್ದು ಲಗ್ನಾದ ಮ್ಯಾಲ.”

“ಹಂಗಾರ ಇಷ್ಟ ದಿನಾ ಯಾರ್ನ ಕರದ್ನೊ ನಾನು?”

ಒಬ್ಬರೂ ಸೋಲಲೊಲ್ಲರು. ಅತ್ತೆಗೆ ತಾನಿಟ್ಟ ಹೆಸರಿನ ಮಾನ, ಅಣ್ಣನಿಗೆ ತಾಯಿ ಇಟ್ಟ ಹೆಸರಿನ ಮಾನ. ಒಂದನ್ನು ಒಪ್ಪಿದರೆ ಇನ್ನೊಂದು ಸುಳ್ಳಾಗುತ್ತದೆ ಎಂದು ಇಬ್ಬರೂ ತಿಳಿದಂತಿತ್ತು. ನೆರೆದವರು ಎರಡು ಪಕ್ಷವಾದರು. ತಲಾಟಿಯವರು ಪೆನ್ನಿಗೆ ಟೋಪಿ ಹಾಕಿ, “ಮೊದಲ ನೀವು ನೀವು ಒಂದಾಗ್ರಿ, ಆಮ್ಯಾಲ ಬರ್ತೀನಿ” ಎಂದು ಏಳತೊಡಗಿದರು. ಆ ಹೆಣ್ಣುಮಗಳು ಮಾತ್ರ ಕಂಬಕ್ಕೆ ಒರಗಿ ನೆಲ ನೋಡುತ್ತ ಕೂತಿದ್ದಳು. ನಿನ್ನ ಹೆಸರೇನು ಎಂದು ಅವಳನ್ನೇ ಯಾರೂ ಕೇಳಿರಲಿಲ್ಲ.

ನನ್ನ ತಾಳ್ಮೆಯ ಕಟ್ಟೆಯೊಡೆಯಿತು. “ಕುಂದ್ರಿ ಎಲ್ಲಾರೂ” ಎಂದು ಜೋರಾಗಿಯೇ ಹೇಳಿದೆ. “ನನಗೂ ಎರಡ ಹೆಸರ ಅದಾವ” ಎಂದು ನನ್ನ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡನ್ನೂ ಆ ಅಂಗಳದಲ್ಲಿ ಹೇಳಿ, ಟಪಾಲಿನವನ ಕತೆ ಹೇಳಿದೆ. ಹಿಟ್ಟಿನ ಕೈಯಲ್ಲಿ ಸೈಕಲ್ ಹಿಡಿದದ್ದಕ್ಕೆ ಹೆಂಗಸರೆಲ್ಲ ನಕ್ಕರು. “ಅವತ್ತ ನಮ್ಮ ಮಾವನವರ ಮಾತಿಗೆ ಟಪಾಲಿನಾಂವ ಹೊಳ್ಳಿ ಹೋಗಿದ್ರ ನನ್ನ ನೌಕರಿ ಹೋಗ್ತಿತ್ತು. ಇವತ್ತ ನಿಮ್ಮಿಬ್ಬರೊಳಗ ಯಾರ ಗೆದ್ರೂ ಈಕಿ ಪಿಂಚಣಿ ಹೋಗ್ತದ. ಯಾವ್ದ ಬೇಕು, ಹೇಳ್ರಿ.”

ಅತ್ತೆ ಮೆಲ್ಲಗೆ ಎದ್ದು ಬಂದು ಸೊಸೆಯ ಪಕ್ಕ ಕೂತಳು. “ಎರಡೂ ಬರ್ಕೊರಿ ಸಾಹೇಬ್ರ. ಅವರವ್ವ ಇಟ್ಟದ್ದ ಮೊದಲ ಬರೀರಿ, ನಂದು ಆಮ್ಯಾಲ” ಎಂದಳು. ಅಣ್ಣ ತಲೆ ತಗ್ಗಿಸಿದ. ಪೆನ್ನಿನ ಟೋಪಿ ಮತ್ತೆ ಬಿಚ್ಚಿತು. ಮುದುಕಿ ಹೆಬ್ಬೆಟ್ಟು ಒತ್ತಿದಳು, ಅಣ್ಣ ಸಹಿ ಮಾಡಿದ, ನಾನು ಸಾಕ್ಷಿಗೆ ಕೂತವರಿಗೆಲ್ಲ ಚಹಾ ಸೋಸಿ ಕೊಟ್ಟೆ.

ಊರಿಗೆ ಮರಳಿದ ಮೇಲೂ ನಾನು ಸುಮ್ಮನಾಗಲಿಲ್ಲ. ಪಗಾರದ ದಿನ ಗ್ಯಾಂಗಿನವರೆಲ್ಲ ಕಚೇರಿಗೆ ಬರುತ್ತಿದ್ದರು. ಮುಂದಿನ ಸಲ ಬರುವಾಗ ಹೆಂಡಿರನ್ನೂ ಕರೆದುಕೊಂಡು ಬರಬೇಕು ಎಂದು ಹೇಳಿ ಕಳಿಸಿದೆ. “ಪಗಾರ ಅಕಿ ಕೈಯಾಗ ಕೊಡಾಕೇನ್ರಿ ಅಕ್ಕಾರ?” ಎಂದು ಕೆಲವರು ಗಾಬರಿಯಾದರು. “ಆತು, ಅದೂ ಚಲೋನ” ಎಂದೆ. ಬಂದ ಒಬ್ಬೊಬ್ಬಳನ್ನೂ ಎದುರಿಗೆ ಕೂಡಿಸಿಕೊಂಡು ಅವಳ ಬಾಯಿಂದಲೇ ಎರಡೂ ಹೆಸರು ಹೇಳಿಸಿ, ಗಂಡ ಬದುಕಿರುವಾಗಲೇ ಬರೆದು ಸಾಹೇಬರ ಸಹಿ ಹಾಕಿಸಿದೆ. ಹೆಂಡತಿಯ ತವರಿನ ಹೆಸರನ್ನು ಎಷ್ಟೋ ಗಂಡಸರು ಮೊದಲ ಸಲ ಕೇಳಿದ್ದು ನನ್ನ ಮೇಜಿನ ಮುಂದೆ. ಮುಂದಿನ ವರ್ಷಗಳಲ್ಲಿ ಆ ಕಚೇರಿಯ ಯಾವ ವಿಧವೆಯ ಕಾಗದವೂ ಹೆಸರಿನ ಕಾರಣಕ್ಕೆ ಮರಳಿ ಬರಲಿಲ್ಲ.

ಹಾರೂಗೇರಿಯ ಪೇಟೆಯಲ್ಲಿ ಒಬ್ಬ ಕಿರಾಣಿ ಅಂಗಡಿಯವರು ನನ್ನನ್ನು ಕಂಡಾಗಲೆಲ್ಲ, “ಸರಕಾರದ ರೊಕ್ಕ ಎಲ್ಲಾ ನಿಮ್ಮ ಪಗಾರ, ಪಿಂಚಣಿಗೇ ಹೋತಲ್ರಿ ಬಾಯಾರ” ಎಂದು ಕೆಣಕುತ್ತಿದ್ದರು. ಮಾರ್ಚ್ ತಿಂಗಳು ಬಂತೆಂದರೆ ಅನುದಾನ ವಾಪಸು ಹೋದೀತೆಂದು ಇಲಾಖೆ ಹೇಗೆ ಗಡಿಬಿಡಿಯಿಂದ ಖರ್ಚು ಮಾಡುತ್ತದೆ ಎಂಬುದನ್ನು ನಾನೇ ಕಂಡವಳು. ಒಂದೇ ಮಳೆಗೆ ಕಿತ್ತುಹೋದ ಡಾಂಬರನ್ನೂ ಕಂಡಿದ್ದೇನೆ, ಹೊದಿಕೆ ತೆಗೆಯದೆ ಧೂಳು ತಿಂದ ಕಂಪ್ಯೂಟರನ್ನೂ ಕಂಡಿದ್ದೇನೆ. ಅವುಗಳ ಪರವಾಗಿ ವಾದ ಮಾಡಲು ನಾನು ಹೋಗುವುದಿಲ್ಲ. ಆದರೆ ಅಲಖನೂರಿಗೆ ಹೋದ ಪಿಂಚಣಿಯ ಒಂದು ಪೈಸೆಯೂ ಪೋಲಾಗಲಿಲ್ಲ. ಆ ಹುಡುಗಿಯರಿಬ್ಬರೂ ಶಾಲೆ ಮುಗಿಸಿದರು, ದೊಡ್ಡವಳು ನರ್ಸ್ ಆದಳು. ಇದನ್ನು ಹೇಳಿದ ಮೇಲೆ ಅಂಗಡಿಯವರು ಕೆಣಕುವುದನ್ನು ಬಿಟ್ಟು ಚಹಾ ತರಿಸುತ್ತಿದ್ದರು.

ಅಲಖನೂರಿನವಳ ಪಿಂಚಣಿಯ ಆದೇಶ ಬಂದ ದಿನ ಅವಳನ್ನು ಕಚೇರಿಗೆ ಕರೆಸಿದ್ದೆ. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿದೆ. ಮೃತ ನೌಕರನ ಪತ್ನಿ ಎಂದು ಹೇಳಿ ಮೊದಲು ತವರಿನ ಹೆಸರು, ಉರ್ಫ್, ಆಮೇಲೆ ಗಂಡನ ಮನೆಯ ಹೆಸರು. ಅವಳು ಕಣ್ಣು ಮುಚ್ಚಿ ಕೇಳಿದಳು.

“ಮೊದಲನೇ ಹೆಸರ ಇನ್ನೊಮ್ಮಿ ಓದ್ರಿ ಅಕ್ಕಾರ.”

ಓದಿದೆ.

“ನಮ್ಮವ್ವ ಹೋದ ಮ್ಯಾಲ ಆ ಹೆಸರಲೆ ನನ್ನ ಯಾರೂ ಕರದಿಲ್ರಿ” ಎಂದಳು. ಅಣ್ಣನೂ ತಂಗಿ ಎಂದೇ ಕರೆಯುತ್ತಿದ್ದನಂತೆ.

ಕಾಗದವನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ನನಗೆ ಕೈಮುಗಿದು ಹೊರಟಳು. ಬಾಗಿಲು ದಾಟಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದಳು. ಆಗ ಬೆಂಚಿನ ಮೇಲೆ ಅವಳ ಬುತ್ತಿಯ ಚೀಲ ಉಳಿದದ್ದು ಕಂಡಿತು. ಅದನ್ನು ಎತ್ತಿಕೊಂಡು ಮೆಟ್ಟಿಲಿಗೆ ಬಂದು, ತಂಗಿ ಎನ್ನಲಿಲ್ಲ, ಅವಳ ತಾಯಿ ಇಟ್ಟ ಹೆಸರು ಹಿಡಿದೇ ಗಟ್ಟಿಯಾಗಿ ಕೂಗಿದೆ.

ಅಷ್ಟು ವರ್ಷಗಳ ಮೇಲೆ, ಅಷ್ಟು ಜನರ ನಡುವೆ, ಒಂದು ಕ್ಷಣವೂ ತಡೆಯದೆ ಅವಳು “ಓ” ಎಂದು ತಿರುಗಿದಳು.