ಕೈ ಸುಮ್ಮನಾದಾಗ ಮಾತು ಹೋಯಿತು

ಓದುಗರಿಗೆ ನಮಸ್ಕಾರ. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಓದುವುದು ತಲೆಯ ಕೆಲಸ, ಅದಕ್ಕೂ ಕೈಗೂ ಏನೂ ಸಂಬಂಧವಿಲ್ಲ ಎಂದೇ ನಾನೂ ನಂಬಿದ್ದೆ. ಯಾರಾದರೂ ಬೇರೆ ಥರ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಾನು ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವನು. ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ, ತಾಳೆಗರಿಯಿಂದ ಸವರಿ ಹೊಳಪು ಬರಿಸುವುದು ಚಿಕ್ಕಂದಿನಿಂದ ನನ್ನ ಕೆಲಸ. ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ. ಹತ್ತನೇ ಕ್ಲಾಸಿಗೆ ಖಾಸಗಿಯಾಗಿ ಕಟ್ಟಿ, ಕನ್ನಡದಲ್ಲೇ ಎರಡು ಸಲ ಫೇಲಾದೆ. ಈ ಸಲವೂ ಹೋದರೆ ಇನ್ನು ಪುಸ್ತಕ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಹೇಳಿಯೇ ಮೂರನೇ ಸಲ ಹೋಗಿದ್ದೆ.

ಪ್ರಶ್ನೆಪತ್ರಿಕೆಯಲ್ಲಿ ಕುಂಬಾರನ ಬಗ್ಗೆ ಒಂದು ಗದ್ಯ, ಅದನ್ನು ಓದಿ ಉತ್ತರ ಬರೆಯಬೇಕು. ಓದುವಾಗ ಕೈ ಆಡಿಸುವುದು ನನ್ನ ಅಭ್ಯಾಸ. ಕೊಠಡಿ ಕಾಯುತ್ತಿದ್ದ ಮೇಷ್ಟ್ರು ಓಡಿ ಬಂದರು.

“ಏನ್ ಯಜಮಾನ್ರೇ, ಯಾರಿಗೆ ಸನ್ನೆ ಮಾಡ್ತಿದ್ದೀರಾ? ಎರಡೂ ಕೈ ತೊಡೆ ಕೆಳಗಿಟ್ಕೊಂಡು ಓದಿ.”

ಇಟ್ಟೆ. ಆಗ ಆಯಿತು ನೋಡಿ. ‘ಕುಂಬಾರ’ ತಿಳಿಯಿತು, ‘ಬೆಳಿಗ್ಗೆ’ ತಿಳಿಯಿತು. ‘ಒತ್ತಿದ’, ‘ಸವರಿದ’ ಎಂಬುದನ್ನು ಅಕ್ಷರ ಕೂಡಿಸಿ ಓದಿದೆ, ಹಾಗೆಂದರೇನು ಎಂದು ಹೊಳೆಯಲೇ ಇಲ್ಲ. ದಿನವೂ ಆಡುವ ಮಾತು ಯಾವುದೋ ಗೊತ್ತಿಲ್ಲದ ಭಾಷೆಯ ಹಾಗೆ ಕೂತಿತ್ತು. ಬಲಗೈ ಎಳೆದುಕೊಂಡೆ. ಹೆಬ್ಬೆರಳು ತಾನಾಗಿ ಮೇಜನ್ನು ಒತ್ತಿತು, ಅರ್ಥ ಬಂತು. ಮತ್ತೆ ಕೈ ಕೆಳಗಿಟ್ಟೆ, ಹೋಯಿತು.

ಎದ್ದು ನಿಂತೆ. “ಸಾ, ಬೇಕಾದ್ರೆ ಆಚೆಗೆ ಕಳ್ಸಿ. ಕೈ ಕಟ್ಕಂಡು ನಂಗೆ ಓದಕ್ಕಾಗಕಿಲ್ಲ.”

ಕೊಠಡಿಯೆಲ್ಲ ಗೊಳ್ಳೆಂದಿತು. ಮೇಷ್ಟ್ರು ಮೂಲೆಯ ಬೆಂಚು ತೋರಿಸಿದರು. “ಹೋಗಿ, ಆ ಗೋಡೆಗೆ ಸನ್ನೆ ಮಾಡ್ಕೊಳ್ಳಿ.”

ಗೋಡೆಗೆ ಮುಖ ಮಾಡಿ, ಕೈ ಆಡಿಸಿಕೊಂಡೇ ಓದಿ ಬರೆದೆ. ಪಾಸಾದೆ.

ನನ್ನ ಪಕ್ಕದಲ್ಲೇ ಬೊಂಬೆ ಕಡೆಯುವ ಮಾದೇವ ಈಗಲೂ ಬಿಡುವುದಿಲ್ಲ. “ಪಾಸಾಗಿದ್ದು ನೀನೇನ್ಲಾ, ನಿನ್ ಕೈಯೇನ್ಲಾ?” ಡಾಕ್ಟರೊಬ್ಬರನ್ನು ಕೇಳಿದೆ, ಪರೀಕ್ಷೆಯ ಹೆದರಿಕೆ ಅಂದರು. ಹೆದರಿಕೆಯೇ ಆಗಿದ್ದರೆ ಕುಂಬಾರನನ್ನು ಬಿಟ್ಟು, ಅವನ ಕೈಕೆಲಸದ ಮಾತನ್ನೇ ಆರಿಸಿ ಕದಿಯುತ್ತದೆಯೇ? ಮನೆಯಲ್ಲಿ ಎಷ್ಟೋ ಸಲ ಕೈ ಮೇಲೆ ಕೂತು ಓದಿದ್ದೇನೆ, ಮತ್ತೆ ಹಾಗಾಗಿಲ್ಲ. ಯಾಕೆ ಎಂದು ನನಗೆ ಗೊತ್ತಿಲ್ಲ. ಆದರೆ ಅವತ್ತು ಆದದ್ದು ಸುಳ್ಳಲ್ಲ.

ನಿಮಗೂ ಇಂಥದ್ದೇನಾದರೂ ಆಗಿದ್ದರೆ ನಾಚಿಕೊಳ್ಳದೆ ಬರೆಯಿರಿ. ನಗುವವರು ನಗಲಿ. ನಾನಂತೂ ಕೈ ಆಡಿಸಿಕೊಂಡೇ ಓದುತ್ತೇನೆ.