ಬಾಗಲಗುಂಟೆಯ ಫೋನು ಮತ್ತು ಪಂಚಾಕ್ಷರಿಯವರ ಒಂದು ಉತ್ತರ

ಪೀಣ್ಯದಲ್ಲಿ ದೂರಸಂಪರ್ಕ ಉಪಕರಣಗಳನ್ನು ತಯಾರಿಸಿದ ಸಣ್ಣ ಕಾರ್ಖಾನೆಗಳ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಹೊರಟರೆ ಅವರಿಗೆ ಕಾಗದಪತ್ರಗಳಿಗಿಂತ ಬೀಗ ಹಾಕಿದ ಶೆಡ್ಡುಗಳೇ ಹೆಚ್ಚು ಸಿಕ್ಕಾವು. ಆ ಚರಿತ್ರೆಯಲ್ಲಿ ಶ್ರೀ ಪಂಚಾಕ್ಷರಿಯವರ ಹೆಸರು ಯಾವ ಪೇಟೆಂಟಿನ ಮೇಲೂ ಕಾಣಿಸುವುದಿಲ್ಲ. ಐಟಿಐ ಮುಗಿಸಿ 1985ರಲ್ಲಿ ಬೆಸುಗೆ ಹಾಕುವ ಕೆಲಸಕ್ಕೆ ಸೇರಿ, ಮೂವತ್ತೊಂದು ವರ್ಷ ಒಂದೇ ಕಾರ್ಖಾನೆಯಲ್ಲಿ ದುಡಿದು, ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿ ಈಗ ನಿವೃತ್ತರಾಗುತ್ತಿರುವ ಅವರ ಸಾಧನೆಗಳ ಬಗ್ಗೆ ಬರೆಯಿರಿ ಎಂದು ಈ ಅಭಿನಂದನ ಸಂಪುಟದ ಸಂಪಾದಕರು ನನಗೆ ಹೇಳಿದರು. ನಾನು ಹತ್ತಿರದಿಂದ ಕಂಡದ್ದು ಅವರ ಒಂದು ಸೋಲನ್ನು. ಅದನ್ನೇ ಬರೆಯುತ್ತಿದ್ದೇನೆ.

ನಾನು ಅವರ ಕೈಕೆಳಗೆ ಸೇರಿದ್ದು 2010ರಲ್ಲಿ. ಮೊದಲ ವಾರವೇ ಒಂದು ಮೋಡೆಮ್ ಬೋರ್ಡನ್ನು ಸುಟ್ಟುಹಾಕಿದೆ. ಹೊಗೆ ಇನ್ನೂ ಆರಿರಲಿಲ್ಲ, ಪಂಚಾಕ್ಷರಿಯವರು ಬಂದು ಬೋರ್ಡನ್ನು ಮೂಸಿ ನೋಡಿ, "ನಾನು ಸುಟ್ಟಿದ್ದು ಒಂದು ಟ್ರಂಕ್ ತುಂಬ ಇದೆ ಕಣಪ್ಪ. ನೀನು ಈಗ ಶುರು ಮಾಡಿದೀಯ" ಎಂದು ಹೇಳಿ ಹೊರಟುಹೋದರು. ಜೋಡಣೆಯ ಸಾಲಿನಲ್ಲಿ ಹೆಂಗಸರು ದಿನವಿಡೀ ನಿಂತು ಕೆಲಸ ಮಾಡುವುದನ್ನು ತಪ್ಪಿಸಲು ಅವರು ಅರ್ಜಿ ಬರೆಯಲಿಲ್ಲ. ಒಂದು ವಾರ ತಾವೂ ಆ ಸಾಲಿನಲ್ಲಿ ನಿಂತೇ ಕೆಲಸ ಮಾಡಿದರು. ಎಂಟನೆಯ ದಿನ ಅರವತ್ತೆಂಟು ಸ್ಟೂಲುಗಳು ಬಂದವು. ರಾಯಚೂರು ಕಡೆಯಿಂದ ಬಂದು ಲಗ್ಗೆರೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಹನುಮವ್ವ ಆ ಸಾಲಿನ ಹಿರಿಯಳು. "ಪಂಚಾಕ್ಷರಿ ಸರ್ ಕಾಲು ಬಾತಿದ್ದಕ್ಕ ನಮಗ ಕುಂಡ್ರಾಕ ಸಿಕ್ತು ನೋಡ್ರಿ" ಎಂದು ಅವಳು ನಗುತ್ತಿದ್ದಳು.

ಅವರ ನಿಜವಾದ ಕೊಡುಗೆ ಒಂದು ಸಣ್ಣ ಸರ್ಕ್ಯೂಟು. ಅಂಗಡಿಗಳ ಮುಂದೆ ಒಂದು ರೂಪಾಯಿ ನಾಣ್ಯ ಹಾಕಿ ಮಾತಾಡುವ ವೈರ್‌ಲೆಸ್ ಫೋನುಗಳಿದ್ದ ಕಾಲ ಅದು. ಕರೆಂಟು ಹೋದರೆ ಅವುಗಳ ಬ್ಯಾಟರಿ ಎರಡು ಗಂಟೆಯೊಳಗೆ ಖಾಲಿಯಾಗುತ್ತಿತ್ತು. ಕರೆಂಟು ಹೋದೊಡನೆ ಫೋನು ತಾನಾಗಿ ಅರೆನಿದ್ದೆಗೆ ಜಾರಿ, ಕರೆ ಬಂದಾಗ ಮಾತ್ರ ಪೂರ್ತಿ ಎಚ್ಚರಗೊಳ್ಳುವಂತೆ ಅವರು 2005ರಲ್ಲಿ ಏರ್ಪಾಡು ಮಾಡಿದರು. ಮುಂದೆ ನಾಣ್ಯದ ಫೋನುಗಳು ಮೂಲೆ ಸೇರಿದರೂ ಅದೇ ಸರ್ಕ್ಯೂಟು ವಿದ್ಯುತ್ ಮೀಟರುಗಳಿಗೆ ನಾವು ಮಾಡುತ್ತಿದ್ದ ಮೋಡೆಮ್‌ಗಳಲ್ಲಿ ಉಳಿಯಿತು. ಅರವತ್ತೆಂಟು ಹೆಂಗಸರ ಕೆಲಸ ಅದರ ಮೇಲೆ ನಿಂತಿತ್ತು. ಅದಕ್ಕೆ ಪೇಟೆಂಟ್ ತೆಗೆದುಕೊಳ್ಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

2012ರಲ್ಲಿ ಹೊರದೇಶದ ಒಂದು ಕಂಪನಿಯಿಂದ ನೋಟಿಸು ಬಂತು. ಅದು ಏನನ್ನೂ ತಯಾರಿಸುವ ಕಂಪನಿಯಲ್ಲ. ಪೇಟೆಂಟುಗಳನ್ನು ಕೊಂಡು, ಅವುಗಳ ಲೈಸೆನ್ಸ್ ಮಾರುವುದೇ ಅದರ ವ್ಯಾಪಾರ. ನಮ್ಮ ಮೋಡೆಮ್ ತಮ್ಮ ಪೇಟೆಂಟನ್ನು ಉಲ್ಲಂಘಿಸಿದೆ, ಲೈಸೆನ್ಸ್ ಪಡೆಯಿರಿ, ಇಲ್ಲವೇ ಮಾರಾಟ ನಿಲ್ಲಿಸಿ ಎಂದು ಅದರಲ್ಲಿತ್ತು. ಆ ಪೇಟೆಂಟಿನ ಮೊದಲ ಅರ್ಜಿಯ ದಿನಾಂಕ 25 ಜುಲೈ 2005. ಇಷ್ಟು ಸಣ್ಣ ಕಾರ್ಖಾನೆಯ ಹಿಂದೆ ಅವರೇಕೆ ಬಿದ್ದಿದ್ದಾರೆಂದು ನಮ್ಮ ಮಾಲೀಕ ಅಮರಪ್ಪನವರು ಕೇಳಿದಾಗ ಪಂಚಾಕ್ಷರಿಯವರು ಕೊಟ್ಟ ವಿವರಣೆಯನ್ನು ನಾನು ಆಮೇಲೆ ಯಾವ ವಕೀಲರಿಂದಲೂ ಕೇಳಲಿಲ್ಲ: "ಅವರಿಗೆ ನಮ್ಮ ದುಡ್ಡು ಬೇಡ ಸಾರ್, ಸಹಿ ಬೇಕು. ನಮ್ಮಂಥ ಹತ್ತು ಜನರ ಸಹಿ ಇಟ್ಕೊಂಡು ಎಲೆಕ್ಟ್ರಾನಿಕ್ ಸಿಟಿ ದೊಡ್ಡೋರ ಹತ್ರ ಹೋಗ್ತಾರೆ. ಇವರೆಲ್ಲ ಒಪ್ಕೊಂಡಿದಾರೆ, ನಿಮ್ಮದೇನು ಅಂತಾರೆ."

ಅಮರಪ್ಪನವರು ಸಹಿ ಹಾಕದೆ, ಪೇಟೆಂಟನ್ನೇ ರದ್ದು ಮಾಡಿಸಲು ಹೊರಟರು. ಜುಲೈ 25ಕ್ಕಿಂತ ಮೊದಲೇ ಈ ಸರ್ಕ್ಯೂಟಿನ ಫೋನನ್ನು ಜನ ಬಹಿರಂಗವಾಗಿ ಬಳಸುತ್ತಿದ್ದರೆಂದು ತೋರಿಸಿದರೆ ಪೇಟೆಂಟು ಬಿದ್ದುಹೋಗುತ್ತಿತ್ತು. ಅಂಥ ಮೊದಲ ಫೋನನ್ನು ಹಾಕಿದ್ದು ಬಾಗಲಗುಂಟೆಯ ಮುನಿಯಕ್ಕನ ಅಂಗಡಿಯಲ್ಲಿ. ಆದರೆ ಫೋನು ಹಾಕಿದ ದಿನಗಳನ್ನು ಬರೆದಿಡುವ ನಮ್ಮ ರಿಜಿಸ್ಟರಿನಲ್ಲಿ, ಪಂಚಾಕ್ಷರಿಯವರದೇ ದುಂಡು ಅಕ್ಷರದಲ್ಲಿ, ಅದರ ಮುಂದೆ 8 ಆಗಸ್ಟ್ ಎಂದು ಬರೆದಿತ್ತು. ಅವರು ರಿಜಿಸ್ಟರನ್ನು ಮುಚ್ಚಿಟ್ಟರು. ಆಮೇಲೆ, "ಬಾ, ಮುನಿಯಕ್ಕನ್ನ ನೋಡ್ಕೊಂಡು ಬರೋಣ" ಎಂದರು.

ಮುನಿಯಕ್ಕ ಅಂಗಡಿಯ ಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು.

"ಬನ್ನಿ ಸಾಮಿ. ಫೋನು ಸತ್ತು ನಾಕು ವರ್ಸ ಆತು, ಈಗ ತಿತಿ ಊಟಕ್ಕೆ ಬಂದಂಗೈತೆ."

"ಆ ಫೋನು ಹಾಕಿದ್ದು ಯಾವತ್ತು ಅಂತ ಜ್ಞಾಪಕ ಇದೆಯಾ ಅಕ್ಕ?" ಎಂದು ನಾನು ಕೇಳಿದೆ.

"ಇಲ್ದೆ ಏನು? ನನ್ ಮಗಳು ಧನಲಕ್ಷ್ಮಿಗೆ ಎರಿಗೆ ಆತು ಅಂತ ಅದ್ರಾಗೇ ಅಲ್ವಾ ಸುದ್ದಿ ಬಂದಿದ್ದು. ಜುಲೈ ಇಪ್ಪತ್ತು. ಮೊಮ್ಮಗನ ಸರ್ಟಿಫಿಕೇಟ್ ಐತೆ, ತೋರುಸ್ಲಾ? ಫೋನಿಕ್ಕಿ ಎಲ್ಡು ದಿನ ಆಗಿತ್ತು. ಬೀದಿಯೋರೆಲ್ಲ ಕಾಸಾಕಿ ಮಾತಾಡ್ತಿದ್ರು."

"ಮತ್ತೆ ರಿಜಿಸ್ಟರಲ್ಲಿ ಆಗಸ್ಟ್ ಅಂತ ಇದೆಯಲ್ಲ?"

"ಆಷಾಡ್ದಾಗೆ ಅಂಗಡೀಗೆ ಹೊಸ ಸಾಮಾನು ಬಂತು ಅಂತ ಯಾರಾನ ಬರುಸ್ತಾರಾ? ಬಸುರಿ ಮಗಳು ಬ್ಯಾರೆ ಆಸ್ಪತ್ರೇಲಿ. ನಾನೇ ಬರೀಬ್ಯಾಡಿ ಅಂದೆ. ನಿಮ್ ಸಾಮಿ ಒಳ್ಳೇರು, ಶ್ರಾವಣದ ಮೊದಲ್ನೇ ಸೋಮವಾರ ಅಂತ ಬರ್ಕೊಂಡ್ರು." ಮುನಿಯಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. "ಅದೇ ತಪ್ಪಾತಾ?"

"ತಪ್ಪು ನಿಮ್ದಲ್ಲ ಅಕ್ಕ," ಎಂದರು ಪಂಚಾಕ್ಷರಿಯವರು. "ಪೆನ್ನು ನನ್ನ ಕೈಲಿತ್ತು."

ಹೆಂಗಸೊಬ್ಬಳ ಭಯಕ್ಕೆ ತೋರಿದ ಮರ್ಯಾದೆ ಏಳು ವರ್ಷದ ನಂತರ ಹೀಗೆ ಎದುರು ನಿಂತಿತು. ಆದರೂ ನಮ್ಮ ವಕೀಲರು ಧೈರ್ಯಗೆಡಲಿಲ್ಲ. ಮುನಿಯಕ್ಕನ ಸಾಕ್ಷ್ಯವಿದೆ, ಮಗುವಿನ ಜನನ ಪ್ರಮಾಣಪತ್ರವಿದೆ. ದಿನಾಂಕ ಬದಲಾದದ್ದು ಇದೊಂದೇ ಸಲ, ಕಾರಣ ಇಂಥದ್ದು ಎಂದು ಪಂಚಾಕ್ಷರಿಯವರು ಹೇಳಿದರೆ ಸಾಕು ಎಂದರು. ಇಂಥ ಬೇರೆ ದಿನಾಂಕಗಳು ಇವೆಯೇ ಎಂದು ಎದುರಿನವರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ "ಇಲ್ಲ". ಬೇರೆ ಕೆಲವು ಅಂಗಡಿಗಳ ದಿನಾಂಕವೂ ಹೀಗೇ ಬದಲಾಗಿತ್ತು, ನಿಜ; ಆದರೆ ಅದು ಎದುರಿನವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ವಿಚಾರಣೆಗೆ ಮುಂಚೆ ಮೂರು ದಿನ, ಎದುರಿನ ವಕೀಲನಂತೆ ನಟಿಸಿ, ಆ ಪ್ರಶ್ನೆಯನ್ನು ಅವರಿಗೆ ಮತ್ತೆ ಮತ್ತೆ ಕೇಳಿದವನು ನಾನು. ಪ್ರತಿ ಸಲವೂ ಅವರು ಮುಂದಿನ ಪ್ರಶ್ನೆ ಕೇಳು ಎನ್ನುತ್ತಿದ್ದರು. "ಒಂದೇ ಒಂದು ಮಾತು ಸಾರ್," ಎಂದೆ. ಅವರು ಕಿಟಕಿಯಾಚೆ ಜೋಡಣೆಯ ಸಾಲನ್ನು ನೋಡುತ್ತ, "ಗೊತ್ತು ಕಣಪ್ಪ" ಎಂದಷ್ಟೇ ಹೇಳಿದರು.

2013ರ ಫೆಬ್ರುವರಿಯಲ್ಲಿ, ಸಾಕ್ಷ್ಯ ದಾಖಲಿಸಲು ನೇಮಕವಾಗಿದ್ದ ಕಮಿಷನರ ಎದುರು, ಒಂದು ಹೋಟೆಲಿನ ಸಭಾಂಗಣದಲ್ಲಿ ವಿಚಾರಣೆ ನಡೆಯಿತು. ಮುನಿಯಕ್ಕ ಚೆನ್ನಾಗಿ ಹೇಳಿದರು. ಮೊಮ್ಮಗನ ತೂಕವನ್ನೂ ಕೇಳದೆಯೇ ಹೇಳಿದರು. ನಂತರ ಪಂಚಾಕ್ಷರಿಯವರು ಕೂತರು. ಇಂಗ್ಲಿಷ್ ಬಲ್ಲವರಾಗಿದ್ದೂ ಕನ್ನಡದಲ್ಲೇ ಉತ್ತರಿಸುವುದಾಗಿ ತಿಳಿಸಿದರು. ನಿರೀಕ್ಷಿಸಿದ್ದ ಪ್ರಶ್ನೆ ಬಂತು: ಈ ರಿಜಿಸ್ಟರಿನಲ್ಲಿ ಹೀಗೆ ಬರೆದ ಬೇರೆ ದಿನಾಂಕಗಳು ಇವೆಯೇ?

"ಇವೆ," ಎಂದರು ಅವರು. "ಅಂಗಡಿಯವರು ಕೇಳ್ತಿದ್ರು. ಆಷಾಢದಲ್ಲಿ ಹಾಕಿದ್ದನ್ನೆಲ್ಲ ಶ್ರಾವಣದಲ್ಲಿ ಬರೆದಿದೀನಿ. ಮೂರು ವರ್ಷದಲ್ಲಿ ಹದಿನಾಲ್ಕು."

"ಹಾಗಾದರೆ ಯಾವ ಫೋನು ಯಾವಾಗ ಹಾಕಿದ್ದು ಎಂದು ಈ ಪುಸ್ತಕವನ್ನು ನೋಡಿ ಹೇಳಲು ಸಾಧ್ಯವಿಲ್ಲ?"

"ಆಷಾಢದ್ದಾದ್ರೆ ಸಾಧ್ಯವಿಲ್ಲ."

ಟೈಪಿಸ್ಟು ಅದನ್ನೂ ಬರೆದುಕೊಂಡಳು. ಸುಳ್ಳು ದಿನಾಂಕ ಬರೆಯುವುದೇ ಅಭ್ಯಾಸವಾಗಿದ್ದವರ ಬಾಯಿಮಾತನ್ನು, ಅವರು ಕರೆತಂದ ಅಂಗಡಿಯವಳ ಮಾತನ್ನು ನಂಬುವುದು ಹೇಗೆ ಎಂದು ಎದುರಿನ ವಕೀಲರು ಕೇಳಿದರು. ಆ ಕಂಪನಿ ತೀರ್ಪಿಗೂ ಕಾಯಲಿಲ್ಲ. ಈ ಸಾಕ್ಷ್ಯದ ಪ್ರತಿಯನ್ನು, ಸೌಜನ್ಯದ ಒಂದು ಪತ್ರದ ಜೊತೆಗೆ, ನಮ್ಮಿಂದ ಮೋಡೆಮ್ ಕೊಳ್ಳುತ್ತಿದ್ದ ಮೀಟರ್ ಕಂಪನಿಗಳಿಗೆಲ್ಲ ಕಳಿಸಿತು. ಅವರು ಹೆದರಿದರು. ಆರು ತಿಂಗಳಲ್ಲಿ ಆರ್ಡರುಗಳು ನಿಂತವು. ಅಮರಪ್ಪನವರು ಕೊನೆಗೆ ಆ ಪೇಟೆಂಟ್ ಕಂಪನಿ ಹೇಳಿದಲ್ಲಿ ಸಹಿ ಹಾಕಿದರು; ಆ ಸಹಿ ಎಲ್ಲೆಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆಲ್ಲ ಹೋಯಿತು. ನಿಂತ ಆರ್ಡರುಗಳು ಮರಳಲಿಲ್ಲ; ಮರುವರ್ಷದ ಮಾರ್ಚಿನಲ್ಲಿ ಜೋಡಣೆಯ ಸಾಲು ಮುಚ್ಚಿತು. ಈಗ ನಾವು ಹೊರಗಿನಿಂದ ಬಂದ ಪೆಟ್ಟಿಗೆಗಳ ಮೇಲೆ ನಮ್ಮ ಹೆಸರಿನ ಚೀಟಿ ಅಂಟಿಸುತ್ತೇವೆ.

ನಾನು ಒಂದು ವರ್ಷ ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಅವರು ಅದನ್ನು ಗಮನಿಸಿದರೂ ಕಾರಣ ಕೇಳಲಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ, ಕೆಲಸ ಕಳೆದುಕೊಂಡ ಹೆಂಗಸರ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ಪೀಣ್ಯದ ಒಂದೊಂದೇ ರಸ್ತೆಯ ಕಾರ್ಖಾನೆಗಳ ಬಾಗಿಲು ತಟ್ಟುತ್ತಿದ್ದರು. ಸೆಕ್ಯುರಿಟಿಯವರು ಎಷ್ಟೋ ಕಡೆ ಅವರನ್ನು ಗೇಟಿನಲ್ಲೇ ನಿಲ್ಲಿಸಿದ್ದುಂಟು. ಯಾರದೋ ಮೂಲಕ ಈ ವಿಷಯ ತಿಳಿದ ಮೇಲೆ ಒಂದು ಶನಿವಾರ ನಾನೂ ಜೊತೆಗೆ ಹೋದೆ. ಅಂದು ಲಗ್ಗೆರೆಯಲ್ಲಿ ಹನುಮವ್ವನ ಕೋಣೆಗೆ ಹೋದೆವು. ಅವಳು ಗಾರ್ಮೆಂಟ್ಸ್‌ಗೆ ಸೇರಿ, ಬೆನ್ನುನೋವೆಂದು ಬಿಟ್ಟಿದ್ದಳು. ಒಂದು ಬ್ಯಾಟರಿ ಕಾರ್ಖಾನೆಯಲ್ಲಿ ಜಾಗವಿದೆ ಎಂದು ಪಂಚಾಕ್ಷರಿಯವರು ಹೇಳಿದರು. ಅವಳು ಬೇರೆಯೇ ಒಂದು ಮಾತು ಕೇಳಿದಳು:

"ಖರೇ ಹೇಳ್ರಿ ಸರ್. ನೀವು ಅವತ್ತು ಇಲ್ಲ ಅಂದಿದ್ರ ನಮ್ ಲೈನ್ ಉಳೀತಿತ್ತೇನ್ರಿ?"

ಅವರು ಏನಾದರೂ ಸಮಾಧಾನ ಹೇಳಲಿ ಎಂದು ನಾನು ಬಯಸಿದೆ. ಪೇಟೆಂಟು ಹೇಗೂ ನಿಲ್ಲುತ್ತಿತ್ತು, ದೊಡ್ಡವರೆದುರು ನಾವು ಹೇಗೂ ಸೋಲುತ್ತಿದ್ದೆವು ಎನ್ನಬಹುದಾಗಿತ್ತು.

"ಉಳೀತಿತ್ತು ಅನ್ಸುತ್ತಮ್ಮ," ಎಂದರು ಅವರು.

ಹನುಮವ್ವನ ಮುಖದಲ್ಲಿ ಕ್ಷಮೆಯಿತ್ತೆಂದು ನಾನು ಬರೆಯಲಾರೆ. "ಬ್ಯಾಟರಿ ಫ್ಯಾಕ್ಟರಿ ಎಲ್ಲೈತ್ರಿ?" ಎಂದು ಕೇಳಿದಳು. ಅವರು ಬಸ್ಸಿನ ನಂಬರು ಹೇಳಿದರು.

ಪಟ್ಟಿಯಲ್ಲಿ ಇನ್ನೂ ಒಂಬತ್ತು ಹೆಸರುಗಳು ಉಳಿದಿವೆ. ನಿವೃತ್ತಿಯ ನಂತರ ಶನಿವಾರವೊಂದೇ ಅಲ್ಲ, ವಾರವೆಲ್ಲ ಬಿಡುವಿರುತ್ತದೆ ಎಂದು ಪಂಚಾಕ್ಷರಿಯವರು ಮೊನ್ನೆ ಹೇಳಿದರು. ಗೇಟಿನಲ್ಲಿ ನಿಲ್ಲುವ ಕಾಲುಗಳಿಗೆ ಬಲವಿರಲಿ, ಒಂಬತ್ತನೆಯ ಹೆಸರು ಮುಗಿದ ಮೇಲೂ ಬಹುಕಾಲ ಅವರು ನಮ್ಮ ನಡುವೆ ಇರಲಿ ಎಂದು ಹಾರೈಸುತ್ತೇನೆ. ಮುಂದಿನ ಶನಿವಾರ ಪೀಣ್ಯದ ಮೂರನೇ ಹಂತದ ಕಡೆ ಹೋಗಬೇಕಂತೆ. ನಾನೂ ಹೋಗುತ್ತೇನೆ.